ಶಿಬಿರಕ್ಕೆ ಹೊರಡುವವರಿಗೆ ನಿಜವನ್ನು ಹೇಳೋಣ

ನಮ್ಮ ಕಾಲೇಜಿನ ಸೂಚನಾಫಲಕದ ಮೇಲೆ ವರ್ಷಕ್ಕೊಮ್ಮೆ, ಪರೀಕ್ಷೆಯ ವೇಳಾಪಟ್ಟಿಗೂ ಶುಲ್ಕ ಬಾಕಿಯವರ ಪಟ್ಟಿಗೂ ನಡುವೆ, ಒಂದು ಸಣ್ಣ ಕಾಗದ ಕಾಣಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಡೆಯುವ ಎನ್.ಸಿ.ಸಿ. ವಾರ್ಷಿಕ ತರಬೇತಿ ಶಿಬಿರಕ್ಕೆ ಹೋಗಲಿಚ್ಛಿಸುವ ಕೆಡೆಟ್‌ಗಳು ಹೆಸರು ಕೊಡತಕ್ಕದ್ದೆಂದು ಅದರ ಒಕ್ಕಣೆ. ಅದರ ಮುಂದೆ ನಿಂತು ನಡೆಯುವ ಮಾತುಕತೆಯನ್ನು ಮೂರು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ‘ಹತ್ತು ದಿವಸ ಬಿಟ್ಟಿ ಊಟ, ಮೇಲೆ ಬಂದೂಕು’ ಎನ್ನುವವರು ಒಂದು ಪಂಗಡ. ‘ಆ ಬಿಸಿಲಿನಲ್ಲಿ ಸಾಯಲು ಯಾರು ಹೋಗುತ್ತಾರೆ’ ಎನ್ನುವವರು ಇನ್ನೊಂದು ಪಂಗಡ. ಎರಡು ಪಂಗಡದವರಿಗೂ ಶಿಬಿರವೆಂದರೆ ಏನೆಂದು ತಿಳಿಯದು. ಹೋಗಿಬಂದವರ ಮಾತಾದರೂ ತಿಳಿಸುವಂತಹುದೋ ಎಂದರೆ ಅದೂ ಅಲ್ಲ. ರೈಫಲನ್ನು ಎದೆಗಾನಿಸಿಕೊಂಡು ತೆಗೆಸಿಕೊಂಡ ಒಂದು ಭಾವಚಿತ್ರ, ಸರ್ಟಿಫಿಕೇಟಿನಿಂದಾಗುವ ಲಾಭವನ್ನು ಕುರಿತು ಒಂದು ಭಾಷಣ, ಇಷ್ಟರಲ್ಲಿ ಅವರ ವರದಿ ಮುಗಿಯುತ್ತದೆ. ಅದನ್ನು ನಂಬಿ ಹೊರಟ ಹುಡುಗ ಮೂರನೆಯ ದಿನ ಹೊಟ್ಟೆನೋವೆಂದು ಹೇಳಿ, ಊರಿನಿಂದ ಅಣ್ಣನನ್ನು ಕರೆಸಿಕೊಂಡು, ಟ್ರಂಕು ಹೊತ್ತು ಬಸ್ಸು ಹತ್ತುತ್ತಾನೆ. ಕಳೆದ ಬೇಸಿಗೆಯಲ್ಲಿ ನಮ್ಮೊಡನೆ ಬಂದವರಲ್ಲಿಯೇ ಇಬ್ಬರು ಹೀಗೆ ಹಿಂದಿರುಗಿದರು. ಅವರನ್ನು ಹೇಡಿಗಳೆಂದು ನಕ್ಕವರುಂಟು. ನಾನು ನಗಲಾರೆ. ಅವರಿಗೆ ಯಾರೂ ನಿಜ ಹೇಳಿರಲಿಲ್ಲ, ಅಷ್ಟೆ.

ಎರಡು ಶಿಬಿರಗಳಲ್ಲಿ ಬೆವರು ಸುರಿಸಿದವನೆಂಬ ಅಧಿಕಾರದಿಂದ ಹೇಳುತ್ತೇನೆ: ಶಿಬಿರದ ಕಷ್ಟವನ್ನು ಮುಚ್ಚಿಟ್ಟು ಹುಡುಗರನ್ನು ಕರೆದೊಯ್ಯುವುದು ಸರಿಯಲ್ಲ. ಕಷ್ಟವನ್ನು ಕಡ್ಡಾಯಮಾಡಿ ಎಲ್ಲರ ಕತ್ತಿಗೆ ಕಟ್ಟುವುದೂ ಸರಿಯಲ್ಲ. ಇದ್ದುದನ್ನು ಇದ್ದಂತೆ ಹೇಳಿದರೆ ಬರತಕ್ಕವರು ಬಂದೇ ಬರುತ್ತಾರೆ.

ಮೊದಲು ಒಂದು ಭಯವನ್ನು ನಿವಾರಿಸಬೇಕು. ಎನ್.ಸಿ.ಸಿ.ಗೆ ಸೇರುವುದೆಂದರೆ ದಂಡಿಗೆ ಸೇರುವುದಲ್ಲ. ನಮ್ಮ ಹಳ್ಳಿಗಳಲ್ಲಿ ಈ ಭಯ ಇಂದಿಗೂ ಪೂರ್ತಿ ಹೋಗಿಲ್ಲ. ನಾನು ಖಾಕಿ ಬಟ್ಟೆಯಲ್ಲಿ ಮೊದಲ ಸಲ ಮನೆಗೆ ಹೋದಾಗ ನನ್ನ ಅಜ್ಜಿ, ‘ಇರೋನು ಒಬ್ಬ ಮೊಮ್ಮಗ, ಅವನನ್ನೂ ಗಡಿಗೆ ಬರೆಸಿಕೊಂಡುಬಿಟ್ರಾ’ ಎಂದು ಕಣ್ಣೀರು ಹಾಕಿದರು. ಅಜ್ಜಿಗೆ ಕಾನೂನು ಓದಿ ಹೇಳಲು ಸಾಧ್ಯವೆ? ತಮಗೆ ಹೇಳಬಹುದು. 1946ರಲ್ಲಿ ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ ಸ್ವತಂತ್ರ ಭಾರತದ ಶಾಸನಸಭೆ 1948ರಲ್ಲಿ ನ್ಯಾಷನಲ್ ಕೆಡೆಟ್ ಕೋರ್ ಶಾಸನವನ್ನು ಅಂಗೀಕರಿಸಿತು. ಕೆಡೆಟ್ ಆದವನು ಸೈನ್ಯದ ಸಕ್ರಿಯ ಸೇವೆಗೆ ಬಾಧ್ಯನಲ್ಲವೆಂಬುದನ್ನು ಆ ಶಾಸನವೇ ಸ್ಪಷ್ಟಪಡಿಸಿದೆ. ಮುಂದಿನ ವರ್ಷ, 1949ರಲ್ಲಿ, ಹುಡುಗಿಯರ ವಿಭಾಗವೂ ಪ್ರಾರಂಭವಾಯಿತು. ಹೀಗಿರುವಾಗ ಯಾರೂ ಯಾರನ್ನೂ ಗಡಿಗೆ ಅಟ್ಟುವುದಿಲ್ಲ. ಶಿಬಿರದಲ್ಲಿ ಇದಿರಾಗುವ ಶತ್ರುಗಳು ಬೇರೆ: ಬಿಸಿಲು, ಬೂಟ್ಸು ಮತ್ತು ನಲ್ಲಿ.

ನಲ್ಲಿಯ ಮಾತನ್ನೇ ಮೊದಲು ಹೇಳಬೇಕು. ಮೇ ತಿಂಗಳ ಬಯಲುಸೀಮೆ. ಐದುನೂರಕ್ಕೆ ಕಡಮೆಯಿಲ್ಲದ ಹುಡುಗರು. ಹನ್ನೆರಡು ನಲ್ಲಿ; ಅವುಗಳಲ್ಲಿ ಎರಡು ಮೊದಲ ದಿನವೇ ಒಣಗಿದವು. ನಸುಕಿನ ನಾಲ್ಕೂವರೆಗೆ ಸೀಟಿ ಊದುತ್ತದೆ. ಸೀಟಿ ಊದಿದ ಮೇಲೆ ಎದ್ದವನಿಗೆ ನೀರಿಲ್ಲ. ಅದಕ್ಕಿಂತ ಅರ್ಧ ಗಂಟೆ ಮುಂಚೆ ಎದ್ದವನಿಗುಂಟು. ಆಮೇಲೆ ಲೋಟದಲ್ಲಿ ಚಹ, ವ್ಯಾಯಾಮ, ಉಪ್ಪಿಟ್ಟು, ಕವಾಯತು. ಬಿಸಿಲೇರಿದ ಮೇಲೆ ಮರದ ನೆರಳಿನಲ್ಲಿ ಆಯುಧದ ಪಾಠ. ಊಟವಾದ ಕೂಡಲೆ ಸಭಾಂಗಣದಲ್ಲಿ ಉಪನ್ಯಾಸ. ಅಲ್ಲಿ ಐದುನೂರು ಮಂದಿ ಕಣ್ಣು ತೆರೆದುಕೊಂಡೇ ನಿದ್ರಿಸುವ ವಿದ್ಯೆಯನ್ನು ಎರಡು ದಿನದಲ್ಲಿ ಸಾಧಿಸುತ್ತಾರೆ. ಸಂಜೆ ಆಟ, ರಾತ್ರಿ ಹಾಜರಿ, ಹತ್ತಕ್ಕೆ ದೀಪ ಆರುತ್ತದೆ. ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು. ಅನ್ನ ಸಾರು ಹೊಟ್ಟೆತುಂಬ ಸಿಕ್ಕುತ್ತದೆ. ಮುದ್ದೆ ಉಂಡು ಬೆಳೆದವರು ಮಾತ್ರ ಹತ್ತು ದಿನ ಅದರ ಕನಸು ಕಾಣುತ್ತಾರೆ.

ಮಲಗುವುದು ಡೇರೆಯಲ್ಲಿ. ಹಗಲು ಅದರೊಳಗೆ ಕಾಲಿಟ್ಟರೆ ಇಟ್ಟಿಗೆಗೂಡಿಗೆ ಕಾಲಿಟ್ಟಂತೆ. ರಾತ್ರಿ ಸುಖ. ಆದರೆ ಐದನೆಯ ರಾತ್ರಿ ಕೃತ್ತಿಕೆ ಮಳೆ ಬಂತು, ಗಾಳಿಯ ಸಮೇತ. ನಮಗೆ ಕಲಿಸುತ್ತಿದ್ದ ಹವಾಲ್ದಾರರು ಮೊದಲ ದಿನವೇ ಎರಡು ಮಾತು ಹೇಳಿದ್ದರು: ಡೇರೆಯ ಸುತ್ತ ಗೇಣುದ್ದ ಕಾಲುವೆ ತೋಡಿರಿ; ಮಳೆ ಶುರುವಾದೊಡನೆ ಹಗ್ಗಗಳನ್ನು ಒಂದಿಷ್ಟು ಸಡಿಲಿಸಿರಿ. ನೆನೆದ ಹಗ್ಗ ಬಿಗಿದುಕೊಂಡು ಗೂಟವನ್ನೇ ಕಿತ್ತುಬಿಡುತ್ತದೆಯಂತೆ. ನಾವು ಸಡಿಲಿಸಿದೆವು, ಪಕ್ಕದ ಡೇರೆಯವರು ಎದ್ದು ಹೊರಬರಲು ಬೇಸರಪಟ್ಟರು. ಅರ್ಧ ಗಂಟೆಯಲ್ಲಿ ಅವರ ಗೂಟಗಳು ಒಂದೊಂದಾಗಿ ಎದ್ದುಬಂದವು. ಹತ್ತು ಜನ ಮಲಗುವ ನಮ್ಮ ಡೇರೆಯಲ್ಲಿ ಆ ರಾತ್ರಿ ಹತ್ತೊಂಬತ್ತು ಜನ ಕುಳಿತು ಬೆಳಗುಮಾಡಿದೆವು. ಅವರಲ್ಲಿ ಅರ್ಧ ಜನರ ಊರು ಹೆಸರು ನಮಗೆ ಅಂದಿನವರೆಗೆ ತಿಳಿದಿರಲಿಲ್ಲ. ಶಿಬಿರದ ಸ್ನೇಹವೆಂದರೆ ಇದೇ. ಕರಪತ್ರದಲ್ಲಿ ಅಚ್ಚುಮಾಡುವ ‘ಏಕತೆ ಮತ್ತು ಶಿಸ್ತು’ ಎಂಬ ಧ್ಯೇಯವಾಕ್ಯದ ಮೊದಲರ್ಧ ನನಗೆ ಅರ್ಥವಾದದ್ದು ಒದ್ದೆಯಾದ ಆ ಕಂಬಳಿಯ ಮೇಲೆ.

ಇನ್ನು ಕವಾಯತು. ಇದರ ಆಜ್ಞೆಗಳೆಲ್ಲ ಹಿಂದಿಯಲ್ಲಿ. ಹಳ್ಳಿಯಿಂದ ಬಂದ ಹೊಸಬನಿಗೆ ಮೊದಲ ಆಘಾತ ಬೂಟ್ಸಿನಿಂದಲ್ಲ, ಭಾಷೆಯಿಂದ. ನಾವು ಹುಟ್ಟಿದಾಗಿನಿಂದ ‘ಸಾವಧಾನ’ ಎಂದರೆ ಆತುರಪಡದೆ, ನಿಧಾನವಾಗಿ ಎಂದು ತಿಳಿದವರು. ಹಿರಿಯರು ‘ಸಾವಧಾನವಾಗಿ ಉಣ್ಣಪ್ಪ’ ಎನ್ನುತ್ತಾರೆ. ಇಲ್ಲಿ ಹವಾಲ್ದಾರರು ‘ಸಾವಧಾನ್!’ ಎಂದು ಗುಡುಗಿದರೆ ಹಿಮ್ಮಡಿ ಹಿಮ್ಮಡಿಗೆ ಫಟ್ಟನೆ ಬಡಿಯಬೇಕು! ‘ವಿಶ್ರಾಮ್’ ಎಂದಾಗ ನಮ್ಮ ಸಾಲಿನ ಒಬ್ಬ ಮಹಾನುಭಾವ ಪಾಪ, ನಿಜವಾಗಿಯೂ ಕುಳಿತೇಬಿಟ್ಟ. ಮೈದಾನವೆಲ್ಲ ನಕ್ಕಿತು. ಅವನ ಕಣ್ಣಲ್ಲಿ ನೀರು ಬಂದುದನ್ನು ಪಕ್ಕದಲ್ಲಿದ್ದ ನಾನು ಕಂಡೆ.

ಇಪ್ಪತ್ತು ಮೂವತ್ತು ಆಜ್ಞೆಗಳು ಹಿಂದಿಯಲ್ಲಿರುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ. ದೇಶದ ಯಾವ ಮೂಲೆಯ ಕೆಡೆಟ್ ಬಂದು ನಮ್ಮ ಸಾಲಿನಲ್ಲಿ ನಿಂತರೂ ಒಂದೇ ಕೂಗಿಗೆ ಒಂದೇ ಹೆಜ್ಜೆ ಬೀಳಬೇಕಷ್ಟೆ. ಎರಡು ದಿನದಲ್ಲಿ ಕಿವಿ ಅದಕ್ಕೆ ಒಗ್ಗುತ್ತದೆ. ನನ್ನ ಆಕ್ಷೇಪಣೆ ಇರುವುದು ಮಧ್ಯಾಹ್ನದ ಉಪನ್ಯಾಸಕ್ಕೆ. ಹಾವು ಕಚ್ಚಿದರೆ ಏನು ಮಾಡಬೇಕು, ನೀರಿನಲ್ಲಿ ಮುಳುಗಿದವನ ಉಸಿರನ್ನು ಹೇಗೆ ಮರಳಿಸಬೇಕು, ಮುರಿದ ಮೂಳೆಗೆ ಪಟ್ಟಿ ಹೇಗೆ ಕಟ್ಟಬೇಕು—ಇವು ಆಜ್ಞೆಗಳಲ್ಲ, ತಿಳಿವಳಿಕೆ. ಇವನ್ನೂ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಪುಸ್ತಕ ನೋಡಿ ಓದಿಬಿಟ್ಟರೆ ಯಾರಿಗೆ ಏನು ಬಂತು? ಹಾವು ಕಚ್ಚುವುದು ನಮ್ಮ ಹೊಲದಲ್ಲಿ. ಕಚ್ಚಿಸಿಕೊಳ್ಳುವವನು ಕನ್ನಡದಲ್ಲಿ ಕೂಗುತ್ತಾನೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು, ಆ ಕಾಲನ್ನು ಅಲುಗಿಸದೆ ಬೇಗನೆ ಆಸ್ಪತ್ರೆಗೆ ಒಯ್ಯಬೇಕು—ಇಷ್ಟನ್ನು ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕು. ನಮ್ಮ ಎನ್.ಸಿ.ಸಿ. ಅಧಿಕಾರಿಗಳಾದ ಅಧ್ಯಾಪಕರು ಒಂದು ದಿನ ತಾವೇ ಎದ್ದುನಿಂತು ಹೀಗೆ ಹೇಳಿದರು. ಅಂದು ಮಾತ್ರ ಸಭಾಂಗಣದಲ್ಲಿ ಯಾರೂ ನಿದ್ರೆಮಾಡಲಿಲ್ಲ.

ಬಂದೂಕಿನ ಆಸೆಯಿಂದ ಬರುವವರು ಈ ಭಾಗವನ್ನು ಎರಡು ಸಲ ಓದಬೇಕು. ಕವಾಯತಿಗೆ ಕೊಡುವ ರೈಫಲಿನಿಂದ ಗುಂಡು ಹಾರುವುದಿಲ್ಲ. ಹಾರುವ ರೈಫಲು ಪಾಯಿಂಟ್ ಎರಡು ಎರಡರದು. ಅದನ್ನು ಮುಟ್ಟುವ ಮೊದಲು ಅದರ ಅಂಗಾಂಗಗಳ ಹೆಸರು, ಬಿಚ್ಚುವುದು, ಜೋಡಿಸುವುದು, ಒರೆಸುವುದು, ಗುರಿ ಹಿಡಿಯುವುದು ಎಂದು ನಾಲ್ಕು ದಿನ ಪಾಠ. ಐದನೆಯ ದಿನ ಇಪ್ಪತ್ತೈದು ಮೀಟರ್ ದೂರದ ಗುರಿಹಲಗೆಯ ಮುಂದೆ ಬೋರಲು ಮಲಗುವ ಸರದಿ. ನನ್ನ ಪಾಲಿಗೆ ಬಂದದ್ದು ಐದೇ ಗುಂಡು. ಮೂರು ಗಂಟೆ ಕಾದದ್ದು, ಮೂರು ನಿಮಿಷದಲ್ಲಿ ಮುಗಿದದ್ದು! ಗುಂಡಿನ ಖಾಲಿ ತೊಟ್ಟನ್ನು ಸಹ ಎಣಿಸಿ ಹಿಂದಿರುಗಿಸಬೇಕು. ಒಂದು ಕಡಮೆಯಾದರೂ ಸಾಲಿಗೆ ಸಾಲೇ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಬೇಕು. ಹುಡುಗರು ಇದನ್ನು ಜಿಪುಣತನವೆಂದು ಗೊಣಗುತ್ತಾರೆ. ನನಗೆ ಹಾಗೆನಿಸಲಿಲ್ಲ. ಆಯುಧವೆಂಬುದು ಲೆಕ್ಕವಿಡಬೇಕಾದ ವಸ್ತು, ಆಟದ ಸಾಮಾನಲ್ಲವೆಂದು ಅಷ್ಟು ಚೆನ್ನಾಗಿ ಯಾವ ಉಪನ್ಯಾಸವೂ ಹೇಳಲಾರದು. ಇನ್ನೊಂದು ಸಂಗತಿ: ಮೊದಲ ಸಲ ಮಲಗಿದವರಲ್ಲಿ ಬಹಳ ಮಂದಿ ಗುಂಡು ಹಾರುವ ಮುನ್ನವೇ ಕಣ್ಣು ಮುಚ್ಚುತ್ತಾರೆ. ಸಿನಿಮಾದ ಬಂದೂಕಿಗೂ ಭುಜಕ್ಕೆ ಒತ್ತಿದ ಬಂದೂಕಿಗೂ ಇರುವ ಅಂತರ ಅಲ್ಲಿಯೇ ತಿಳಿದುಹೋಗುತ್ತದೆ.

ಬಂದೂಕಿಗಿಂತ ನನಗೆ ಹಿಡಿಸಿದ್ದು ನಕ್ಷೆ. ಉತ್ತರ ದಿಕ್ಕು ಒಂದೇ ಎಂದು ತಿಳಿದಿದ್ದ ನನಗೆ ಮೂರು ಉತ್ತರಗಳುಂಟೆಂದು ಗೊತ್ತಾಯಿತು: ಭೂಮಿಯ ಧ್ರುವದ ಉತ್ತರ, ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರ, ನಕ್ಷೆಯ ಚೌಕಗಳ ಗೆರೆಯ ಉತ್ತರ. ಈ ಮೂರಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕಹಾಕದೆ ನಡೆದವನು ಮೈಲಿ ಮೈಲಿಗೂ ದಾರಿಯಿಂದ ದೂರವಾಗುತ್ತ ಹೋಗುತ್ತಾನೆ. ನಕ್ಷೆಯ ಮೇಲಿನ ಸಮೋನ್ನತ ರೇಖೆಗಳನ್ನು ನೋಡಿ, ಇಲ್ಲಿ ದಿಬ್ಬ, ಇಲ್ಲಿ ಕಣಿವೆ, ಇಲ್ಲಿ ಇಳಿಜಾರು ಕಡಿದು ಎಂದು ಹೇಳುವ ಪರೀಕ್ಷೆಯಿತ್ತು. ಪಟ್ಟಣದ ಕಾಲೇಜುಗಳಿಂದ ಬಂದವರು ತಡವರಿಸಿದರು. ನಮ್ಮ ಕಾಲೇಜಿನ ಮೊದಲ ವರ್ಷದ ಒಬ್ಬ ಹುಡುಗ, ರಜದಲ್ಲಿ ಕುರಿ ಕಾಯುವವನು, ತರಗತಿಯಲ್ಲಿ ಬಾಯಿಬಿಡದವನು, ಗೆರೆಗಳ ಮೇಲೆ ಬೆರಳಾಡಿಸಿ, ‘ಮಳೆ ಬಂದ್ರೆ ನೀರು ಹಿಂಗೆ ಹರೀತದೆ ಸಾರ್, ಹಳ್ಳ ಇಲ್ಲಿರ್ಬೇಕು’ ಎಂದ. ಹಳ್ಳ ಅಲ್ಲಿಯೇ ಇತ್ತು. ದೂರವನ್ನು ಕಣ್ಣಳತೆಯಲ್ಲಿ ಹೇಳುವುದರಲ್ಲೂ ಅವನೇ ಮುಂದು. ಕಾಲೇಜಿನ ಅಂಕಪಟ್ಟಿಯಲ್ಲಿ ಈ ವಿದ್ಯೆಗೆ ಅಂಕಣವಿಲ್ಲ. ಅವನು ಈಗ ನಮ್ಮ ತರಗತಿಗಳ ಹಿಂದಿನ ಬೆಂಚನ್ನು ಬಿಟ್ಟು ಎರಡನೆಯ ಬೆಂಚಿಗೆ ಬಂದಿದ್ದಾನೆಂಬುದನ್ನು ಅಧ್ಯಾಪಕರು ಗಮನಿಸಿರಬಹುದು.

ಈಗ ಸ್ವಲ್ಪ ಕಷ್ಟವಾದ ವಿಷಯಕ್ಕೆ ಬರುತ್ತೇನೆ. ನಮ್ಮದು ಸರ್ಕಾರಿ ಕಲಾ ಕಾಲೇಜು. ಇಲ್ಲಿ ಎಲ್ಲ ಜಾತಿಯವರೂ ಒಂದೇ ಬೆಂಚಿನಲ್ಲಿ ಕೂಡುತ್ತೇವೆ. ಸಂಜೆ ಬೇರೆ ಬೇರೆ ವಿದ್ಯಾರ್ಥಿನಿಲಯಗಳಿಗೆ ಹೋಗುತ್ತೇವೆ. ಒಂದೇ ಊರಿನಲ್ಲಿ ಮೂರು ವರ್ಷ ಓದಿಯೂ ಒಬ್ಬರ ತಟ್ಟೆಯನ್ನು ಮತ್ತೊಬ್ಬರು ಕಂಡಿರುವುದಿಲ್ಲ. ಶಿಬಿರದಲ್ಲಿ ಮಲಗುವ ಸಾಲು ರೆಜಿಮೆಂಟ್ ನಂಬರಿನ ಪ್ರಕಾರ. ದಿನದ ಕೆಲಸದ ಪಟ್ಟಿಯೂ ಅದರ ಪ್ರಕಾರವೇ: ಇಂದು ಅಡುಗೆಮನೆಗೆ ನೀರು, ನಾಳೆ ತರಕಾರಿ ಹೆಚ್ಚುವುದು, ನಾಡಿದ್ದು ಕಸ, ಆಚೆ ನಾಡಿದ್ದು ಪಾಯಖಾನೆ. ಈ ಕೊನೆಯ ಕೆಲಸ ಬಂದಾಗ ಮನುಷ್ಯರ ಬಣ್ಣ ತಿಳಿಯುತ್ತದೆ.

ನಮ್ಮ ಡೇರೆಯಲ್ಲಿದ್ದ ಒಬ್ಬ, ಬೇರೊಂದು ಕಾಲೇಜಿನವನು, ತನ್ನ ಸರದಿಯನ್ನು ಇನ್ನೊಬ್ಬನಿಗೆ ದಾಟಿಸಲು ಹೊರಟ. ಎರಡು ಪೊಟ್ಟಣ ಬಿಸ್ಕತ್ತು ಅದಕ್ಕೆ ಬೆಲೆ. ಇಪ್ಪತ್ತು ಜನರಲ್ಲಿ ಅವನು ಆರಿಸಿಕೊಂಡದ್ದು ಯಾರನ್ನು? ಯಾರ ಮನೆತನಕ್ಕೆ ಆ ಕೆಲಸವನ್ನು ಊರು ತಲೆತಲಾಂತರದಿಂದ ಕಟ್ಟಿಹಾಕಿತ್ತೋ ಅಂಥ ಮನೆಯ ಹುಡುಗನನ್ನು. ಕೇಳಿದವನಿಗೆ ಅದು ಗೊತ್ತಿತ್ತು, ನಮಗೂ ಗೊತ್ತಿತ್ತು. ಹುಡುಗ ಕೋಪಗೊಳ್ಳಲಿಲ್ಲ. ಬೂಟ್ಸಿಗೆ ಪಾಲಿಷ್ ಹಚ್ಚುತ್ತಲೇ, ‘ನಿನ್ನೆ ನನ್ನ ಸರದಿ ಇತ್ತು, ನಾನು ಮಾಡಿದೆ. ಇವತ್ತು ನಿನ್ನ ಸರದಿ. ಬೇಕಾದರೆ ನಿನ್ನ ರಾತ್ರಿ ಪಹರೆಯನ್ನು ನಾನು ಮಾಡುತ್ತೇನೆ, ಬಿಸ್ಕತ್ತೂ ಬೇಡ. ಇದಕ್ಕೆ ಮಾತ್ರ ಬರುವುದಿಲ್ಲ’ ಎಂದ. ಯಾರೂ ಮಾತನಾಡಲಿಲ್ಲ. ಪಟ್ಟಿ ಗೋಡೆಯ ಮೇಲಿತ್ತು. ಅದರಲ್ಲಿ ಜಾತಿಗೆ ಜಾಗವಿರಲಿಲ್ಲ, ನಂಬರಿಗೆ ಮಾತ್ರ ಇತ್ತು. ಒಂದಿಷ್ಟು ಹೊತ್ತು ಕಳೆದ ಮೇಲೆ ಬಿಸ್ಕತ್ತಿನವನು ಬಕೆಟ್ಟು ತೆಗೆದುಕೊಂಡು ಹೋದ. ಮುಖ ಗಂಟಿಕ್ಕಿಕೊಂಡೇ ಹೋದ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಆದರೆ ಹೋದ.

ಇದರಿಂದ ಶಿಬಿರದಲ್ಲಿ ಜಾತಿ ಅಳಿದುಹೋಗುತ್ತದೆಂದು ಹೇಳುವಷ್ಟು ಹುಂಬ ನಾನಲ್ಲ. ಹನ್ನೊಂದನೆಯ ದಿನ ಎಲ್ಲರೂ ಅವರವರ ಊರಿನ ಬಸ್ಸು ಹತ್ತುತ್ತಾರೆ. ಬಸ್ಸು ಇಳಿದ ಜಾಗದಲ್ಲಿ ಊರು ಹೇಗಿತ್ತೋ ಹಾಗೆಯೇ ಇರುತ್ತದೆ. ಆದರೂ ಆ ಹುಡುಗ ‘ಬರುವುದಿಲ್ಲ’ ಎಂದಾಗ ಅವನ ಬೆನ್ನಿಗೆ ಒಂದು ನಿಯಮವಿತ್ತು. ಊರಿನಲ್ಲಿ ಹಾಗೆ ಹೇಳಿದ್ದರೆ ಬೆನ್ನಿಗೆ ಏನು ಬೀಳುತ್ತಿತ್ತೋ ಬಲ್ಲವರು ಬಲ್ಲರು. ಶಿಸ್ತೆಂದರೆ ಹೆದರಿಕೆಯೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅಂದು ಅದು ಬಡವನ ಕಡೆಗೆ ನಿಂತ ನ್ಯಾಯವಾಗಿ ಕಂಡಿತು.

ರಾತ್ರಿ ಪಹರೆಯ ವಿಷಯ ಹೇಳಿದೆನಷ್ಟೆ. ಎರಡೆರಡು ಗಂಟೆಯ ಸರದಿ. ಕೈಯಲ್ಲಿ ದೊಣ್ಣೆ, ಸುತ್ತ ಕತ್ತಲೆ, ದೂರದಲ್ಲಿ ನರಿಯ ಕೂಗು. ಯಾರಾದರೂ ಬಂದರೆ ‘ಥಮ್! ಕೌನ್ ಆತಾ ಹೈ?’ ಎಂದು ಕೂಗಿ ತಡೆಯಬೇಕು. ಮೊದಲ ರಾತ್ರಿ ನನ್ನ ಜೊತೆಗಾರ ಒಂದು ಎಮ್ಮೆಗೆ ಇದೇ ಪ್ರಶ್ನೆಯನ್ನು ಎರಡು ಸಲ ಕೇಳಿದ. ನಕ್ಕು ಮುಗಿದ ಮೇಲೆ ಹೊಳೆದದ್ದು: ಐದುನೂರು ಜನ ನಮ್ಮಿಬ್ಬರನ್ನು ನಂಬಿ ಮಲಗಿದ್ದಾರೆ. ಹತ್ತೊಂಬತ್ತು ವರ್ಷದವರೆಗೆ ನಮ್ಮನ್ನು ನಂಬಿ ಯಾರೂ ಮಲಗಿರಲಿಲ್ಲ.

ಶಿಬಿರದಲ್ಲಿ ಎಲ್ಲವೂ ಮೆಚ್ಚತಕ್ಕದ್ದೇ ಎಂದರೆ ನನ್ನ ಲೇಖನವೂ ಆ ಭಾವಚಿತ್ರದವರ ವರದಿಯಂತೆಯೇ ಆದೀತು. ಒಬ್ಬ ತಡವಾಗಿ ಬಂದನೆಂದು ಇಡೀ ತಂಡವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ರೈಫಲು ತಲೆಯ ಮೇಲೆ ಹಿಡಿಸಿ ಓಡಿಸುವುದುಂಟು. ಇದಕ್ಕೆ ಅಲ್ಲಿ ‘ರಗಡಾ’ ಎಂದು ಹೆಸರು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಹಳೆಯ ಕೆಡೆಟ್‌ಗಳುಂಟು. ಓಡಿದವರು ಮರುದಿನ ಬೇಗ ಎದ್ದದ್ದು ನಿಜ. ತಡವಾಗಿ ಬಂದವನನ್ನು ವಾರವಿಡೀ ದ್ವೇಷಿಸಿದ್ದೂ ನಿಜ. ಅವನ ಕಾಲಿನಲ್ಲಿ ಬೊಬ್ಬೆ ಒಡೆದು ರಕ್ತ ಬರುತ್ತಿದ್ದುದನ್ನು ಯಾರೂ ಕೇಳಲಿಲ್ಲ. ಶರೀರವನ್ನು ದಣಿಸುವುದು ತರಬೇತಿ, ಅವಮಾನಿಸುವುದು ತರಬೇತಿಯಲ್ಲ. ಒಳ್ಳೆಯ ಹವಾಲ್ದಾರರಿಗೆ ಈ ಅಂತರ ಚೆನ್ನಾಗಿ ಗೊತ್ತಿರುತ್ತದೆ. ಅದು ತಿಳಿಯದವರು ಸಾಮಾನ್ಯವಾಗಿ ನಮ್ಮಂತೆಯೇ ಕೆಡೆಟ್‌ಗಳಾಗಿ ಹೊಸದಾಗಿ ತೋಳಿಗೆ ಪಟ್ಟಿ ಹೊಲಿಸಿಕೊಂಡ ಹಿರಿಯ ವಿದ್ಯಾರ್ಥಿಗಳು.

ಇನ್ನೊಂದು ಪೀಡೆ ಗಣ್ಯರ ಭೇಟಿ. ಹತ್ತು ದಿನದಲ್ಲಿ ಎರಡು ದಿನ ಅದರ ಪೂರ್ವತಯಾರಿಗೇ ಹೋಯಿತು. ಬಂದ ಗಣ್ಯರೆಲ್ಲರೂ ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯರಲ್ಲಿ ಮೊದಲಿಗರಾಗಿ ಸೇನೆಯ ಮಹಾದಂಡನಾಯಕರಾದುದನ್ನು ನೆನಪಿಸಿದರು. ನೆನೆಯಬೇಕಾದ ಹಿರಿಮೆಯೇ ಸರಿ. ಆದರೆ ಅದನ್ನು ಮೂರನೆಯ ಸಲ ಕೇಳುವ ಹೊತ್ತಿಗೆ ಸಾಲಿನಲ್ಲಿ ನಾಲ್ವರು ತಲೆಸುತ್ತಿ ಬಿದ್ದಿದ್ದರು. ಬೀಳಬಾರದೆಂದರೆ ಒಂದು ಉಪಾಯ: ಮಂಡಿಯನ್ನು ಬಿಗಿಹಿಡಿಯಬೇಡಿರಿ, ಬೂಟ್ಸಿನೊಳಗೆ ಕಾಲ್ಬೆರಳುಗಳನ್ನು ಆಡಿಸುತ್ತಿರಿ, ಸಾಲಿಗೆ ಬರುವ ಮೊದಲೇ ನೀರು ಕುಡಿದಿರಿ. ಗಣ್ಯರಿಗೂ ಒಂದು ಉಪಾಯ ಹೇಳಬಹುದಿತ್ತು, ಅವರು ಕೇಳಲಿಲ್ಲ.

ನಮ್ಮ ಕಾಲೇಜಿನಿಂದ ವಿದ್ಯಾರ್ಥಿನಿಯರು ಕಡಮೆ ಸಂಖ್ಯೆಯಲ್ಲಿ ಬರುತ್ತಾರೆ. ಅವರಿಗೆ ಧೈರ್ಯವಿಲ್ಲವೆಂದಲ್ಲ, ತಂದೆತಾಯಿಗಳು ಒಪ್ಪಿಗೆಪತ್ರಕ್ಕೆ ರುಜು ಹಾಕುವುದಿಲ್ಲ. ಅವರನ್ನು ದೂಷಿಸುವ ಮೊದಲು ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು: ಮಲಗುವುದೆಲ್ಲಿ, ಸ್ನಾನದ ಮನೆಗೆ ಬಾಗಿಲುಂಟೆ, ಜೊತೆಗೆ ಮಹಿಳಾ ಅಧಿಕಾರಿ ಯಾರು? ಕಳೆದ ಶಿಬಿರದಲ್ಲಿ ವಿದ್ಯಾರ್ಥಿನಿಯರು ಡೇರೆಯಲ್ಲಲ್ಲ, ಪ್ರತ್ಯೇಕ ಕಟ್ಟಡದಲ್ಲಿದ್ದರು. ಮಹಿಳಾ ಅಧಿಕಾರಿಯೂ ಅಲ್ಲಿಯೇ ತಂಗಿದ್ದರು. ಇದನ್ನು ಒಂದು ಹಾಳೆಯಲ್ಲಿ ಬರೆದು ಮನೆಗಳಿಗೆ ಕಳಿಸಿದ್ದರೆ ಇನ್ನೂ ನಾಲ್ಕು ಹೆಸರು ಬರುತ್ತಿದ್ದವು. ಸಮಾರೋಪದ ದಿನ ಇಡೀ ಪಥಸಂಚಲನಕ್ಕೆ ಆಜ್ಞೆ ಕೊಟ್ಟವರು ಎರಡನೆಯ ಬಿ.ಎ.ಯ ನಮ್ಮ ಸಹಪಾಠಿನಿಯೊಬ್ಬರು. ತರಗತಿಯಲ್ಲಿ ಹಾಜರಿ ಹೇಳುವಾಗ ಕೇಳಿಸದ ಅವರ ದನಿ ಮೈದಾನದ ಆ ತುದಿಗೆ ಮುಟ್ಟಿತು.

ಇದನ್ನೆಲ್ಲ ಕೇಳಿದ ಕೆಲವು ಹಿರಿಯರು, ‘ಹಾಗಾದರೆ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯಮಾಡಿಬಿಡಬೇಕು, ಹುಡುಗರು ಕೆಟ್ಟುಹೋಗಿದ್ದಾರೆ’ ಎನ್ನುತ್ತಾರೆ. ಕಾಲೇಜು ದಿನಾಚರಣೆಯಲ್ಲಿಯೂ ಈ ಮಾತು ಬಂದು ಚಪ್ಪಾಳೆ ಗಿಟ್ಟಿಸಿತು. ವಿನಯದಿಂದ ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ಆ ಪ್ರಯೋಗ ನಮ್ಮ ದೇಶದಲ್ಲಿ ಒಮ್ಮೆ ಆಗಿಹೋಗಿದೆ. 1962ರ ಚೀನಾ ಯುದ್ಧದ ತರುವಾಯ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ತರಬೇತಿಯನ್ನು ಕಡ್ಡಾಯಗೊಳಿಸಿದರು. ಐದು ವರ್ಷದ ಮೇಲೆ, 1968ರಲ್ಲಿ, ಮತ್ತೆ ಐಚ್ಛಿಕವಾಯಿತು. ಸೇವೆಯ ಕಡೆ ಒಲವುಳ್ಳವರಿಗೆಂದು 1969ರಲ್ಲಿ, ಗಾಂಧೀಜಿಯವರ ಶತಮಾನೋತ್ಸವದ ವರ್ಷ, ರಾಷ್ಟ್ರೀಯ ಸೇವಾ ಯೋಜನೆ ಬೇರೆಯಾಗಿಯೇ ಪ್ರಾರಂಭವಾಯಿತು. ಕಡ್ಡಾಯದ ದಿನಗಳಲ್ಲಿ ಓದಿದ ನಮ್ಮೂರಿನ ನಿವೃತ್ತ ಅಧ್ಯಾಪಕರೊಬ್ಬರು ಹೇಳುತ್ತಿದ್ದರು: ಹಾಜರಿ ಕೂಗುವವರೆಗೆ ಮೈದಾನ ತುಂಬಿರುತ್ತಿತ್ತು, ಕೂಗಿದ ಮೇಲೆ ಹಿಂದಿನ ಸಾಲು ಹುಣಸೆತೋಪಿನಲ್ಲಿ ಮಾಯವಾಗುತ್ತಿತ್ತು, ಒಂದೇ ಜೊತೆ ಬೂಟ್ಸು ಒಂದೇ ಬೆಳಗ್ಗೆ ಮೂರು ಜನರ ಕಾಲಿಗೆ ಹಾಜರಿ ಕೊಡಿಸುತ್ತಿತ್ತು. ಒಲ್ಲದವನನ್ನು ನಿಲ್ಲಿಸಿದರೆ ಅವನು ಕಲಿಯುವುದು ತಪ್ಪಿಸಿಕೊಳ್ಳುವ ವಿದ್ಯೆಯನ್ನೇ. ಮಳೆಯ ರಾತ್ರಿ ಎದ್ದುಹೋಗಿ ಹಗ್ಗ ಸಡಿಲಿಸಿದವರು ತಾವಾಗಿ ಹೆಸರು ಕೊಟ್ಟು ಬಂದವರು. ಬಲವಂತಕ್ಕೆ ಬಂದವರಾಗಿದ್ದರೆ ಡೇರೆ ಸರ್ಕಾರದ್ದೆಂದು ಹೊದ್ದು ಮಲಗುತ್ತಿದ್ದರು.

ಸರ್ಟಿಫಿಕೇಟಿನ ವಿಷಯವನ್ನು ಪೂರ್ತಿ ಬಿಟ್ಟರೆ ಅದೂ ಅಪ್ರಾಮಾಣಿಕತೆಯೇ. ‘ಬಿ’ ಪರೀಕ್ಷೆಗೆ ಕೂಡಲು ಒಂದು ಶಿಬಿರ ಬೇಕು, ‘ಸಿ’ ಪರೀಕ್ಷೆಗೆ ಎರಡು. ‘ಸಿ’ ಪರೀಕ್ಷೆಯಲ್ಲಿ ‘ಬಿ’ ದರ್ಜೆಗೆ ಕಡಮೆಯಿಲ್ಲದೆ ತೇರ್ಗಡೆಯಾದ ಪದವೀಧರರು ಸೈನ್ಯದ ಅಧಿಕಾರಿಗಳ ಆಯ್ಕೆಗೆ ಎನ್.ಸಿ.ಸಿ.ಯ ವಿಶೇಷ ಪ್ರವೇಶದ ಮೂಲಕ, ಲಿಖಿತ ಪರೀಕ್ಷೆಯಿಲ್ಲದೆ, ನೇರವಾಗಿ ಸಂದರ್ಶನ ಮಂಡಲಿಯ ಮುಂದೆ ಹೋಗಬಹುದು. ನಮ್ಮಂಥ ಬಡವರ ಮಕ್ಕಳಿಗೆ ಇದು ಸಣ್ಣ ಬಾಗಿಲಲ್ಲ. ಅದಕ್ಕಾಗಿ ಬರುವವರು ಖಂಡಿತ ಬರಲಿ. ಆದರೆ ಆ ಬಾಗಿಲಿನ ಆಚೆ ಕುಳಿತವರು ಕಾಗದವನ್ನು ನೋಡಿ ಸುಮ್ಮನಾಗುವುದಿಲ್ಲ. ಐದು ದಿನ ಮನುಷ್ಯನನ್ನೇ ನೋಡುತ್ತಾರೆ.

ಕಾಲೇಜಿನ ಹಿರಿಯರಲ್ಲಿ ಎರಡು ಬಿನ್ನಹ. ಶಿಬಿರ ಮುಗಿದ ವಾರದಲ್ಲಿಯೇ ಕಿರುಪರೀಕ್ಷೆ ಇಡಬೇಡಿ. ಕಳೆದ ಸಲ ಹಾಗಾಗಿ, ಹೋಗಿಬಂದವರೆಲ್ಲ ಚೆನ್ನಾಗಿ ಓದುವವರಾಗಿದ್ದೂ ಸೋತರು, ‘ಎನ್.ಸಿ.ಸಿ.ಯವರು ದಡ್ಡರು’ ಎಂಬ ಹೆಸರು ಹೊತ್ತರು. ಎರಡನೆಯದು, ಹೆಸರು ಬರೆಸಿಕೊಳ್ಳುವ ಮುನ್ನ ಹೊಸಬರನ್ನು ಒಂದು ಸಂಜೆ ಕೂಡಿಸಿ, ಹೋಗಿಬಂದವರಿಂದ ನಾಲ್ಕೂವರೆಯ ಸೀಟಿಯಿಂದ ಹಿಡಿದು ಪಾಯಖಾನೆಯ ಸರದಿಯವರೆಗೆ ಎಲ್ಲವನ್ನೂ ಹೇಳಿಸಿರಿ. ಅಂದು ಐದು ಜನ ಎದ್ದುಹೋದರೆ ಹೋಗಲಿ. ಮೂರನೆಯ ದಿನ ಅಣ್ಣನನ್ನು ಕರೆಸುವ ಖರ್ಚು ಅವರ ಮನೆಗೆ ಉಳಿಯುತ್ತದೆ.

ಉಳಿದು ಕುಳಿತವರು ಬೂಟ್ಸನ್ನು ಹದಿನೈದು ದಿನ ಮುಂಚಿನಿಂದಲೇ ಹಾಕಿ ನಡೆದು ಕಾಲಿಗೆ ಒಗ್ಗಿಸಿಕೊಳ್ಳಲಿ. ಎರಡು ಜೊತೆ ಕಾಲುಚೀಲ, ಟ್ರಂಕಿಗೊಂದು ಬೀಗ, ಬಟ್ಟೆ ಒಣಹಾಕಲು ಹತ್ತು ಮೊಳ ಹಗ್ಗ, ಸೂಜಿ ದಾರ, ಖಾಕಿಯ ನಾಲ್ಕು ಗುಂಡಿ, ಟಾರ್ಚು, ಹೊದೆಯಲು ಕಂಬಳಿ ಇಷ್ಟು ಸಾಕು. ಮನೆಯಿಂದ ಚಕ್ಕುಲಿ ಕೋಡುಬಳೆ ತರುವವರು ಇಪ್ಪತ್ತು ಜನರಿಗಾಗುವಷ್ಟು ತರಲಿ. ಒಬ್ಬರಿಗಾಗುವಷ್ಟು ತಂದರೆ ಮೊದಲ ರಾತ್ರಿಯೇ ಡಬ್ಬಿ ಖಾಲಿಯಾಗಿರುತ್ತದೆ.